ಲಿಖಿತಾ ಯಾರ ಮನೆಯಲ್ಲಿರಬೇಕು?

ಸಂಜೆ ಶಾಲೆಯ ವ್ಯಾನು ಬಂತು. ಅಕ್ಕಪಕ್ಕದ ಮನೆಯ ಮಕ್ಕಳೆಲ್ಲ ಇಳಿದರು. ಲಿಖಿತಾ ಇಳಿಯಲಿಲ್ಲ. ಒಗ್ಗರಣೆ ಅವಲಕ್ಕಿ ಮಾಡಿಟ್ಟು ರಸ್ತೆಗೆ ಬಂದು ನಿಂತಿದ್ದ ವಿಶಾಲಮ್ಮ ವ್ಯಾನಿನೊಳಗೆ ಇಣುಕಿ ನೋಡಿದಳು. ಟೀಚರಿಗೆ ಫೋನು ಮಾಡಿದಳು.

"ಅವಳ ಅಪ್ಪ ಬಂದಿದ್ರಲ್ಲ ಅಮ್ಮ, ತೀರ್ಥಹಳ್ಳಿಗೆ ಕರ್ಕೊಂಡು ಹೋದ್ರು. ನಿಮಗೆ ಹೇಳಿಲ್ವಾ?"

ಹೇಳಿದ್ದರೆ ಅವಳು ರಸ್ತೆಯಲ್ಲಿ ಯಾಕೆ ನಿಂತಿರುತ್ತಿದ್ದಳು?

ಲಿಖಿತಾ ವಿಶಾಲಮ್ಮನ ತಂಗಿಯ ಮಗಳು. ಮಗು ಇನ್ನೂ ಅಂಬೆಗಾಲಿಡುವಾಗಲೇ ತಂಗಿ ತೀರಿಕೊಂಡಳು. ಲಿಖಿತಾಳ ಅಪ್ಪ ಪ್ರದೀಪ ಲಾರಿ ಓಡಿಸುತ್ತಿದ್ದ, ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಎಲ್ಲರೂ ಲಾಂಚಿನಲ್ಲಿ ಹಿನ್ನೀರು ದಾಟಿ ಸಿಗಂದೂರಿಗೆ ಹೋಗಿ, ದೇವಿಯ ಎದುರು ಮಗುವನ್ನು ವಿಶಾಲಮ್ಮನ ಮಡಿಲಿಗೆ ಹಾಕಿದರು. ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡರು. ಈಗ ಪ್ರದೀಪ ಮತ್ತೆ ಮದುವೆಯಾಗಿದ್ದಾನೆ, ತೀರ್ಥಹಳ್ಳಿಯಲ್ಲಿ ಮನೆ ಮಾಡಿದ್ದಾನೆ. ಮಗಳ ನೆನಪು ಜೋರಾಗಿದೆ.

ವಿಶಾಲಮ್ಮನಿಗೆ ಪ್ರದೀಪನ ಮೇಲೆ ಬಂದ ಸಿಟ್ಟಿಗಿಂತ ಗಂಡನ ಮೇಲೆ ಬಂದ ಸಿಟ್ಟೇ ಹೆಚ್ಚು. ಮಂಜುನಾಥಪ್ಪ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ.

"ಎಂತಕ್ಕೆ ಕೂಗಾಡ್ತೀಯ ಮಾರಾಯ್ತಿ? ದೇವಿ ಎದುರು ಮಾತಾಗಿದೆ. ತೋಟದ ಬೇಲಿಗೆ ಸಿಗಂದೂರು ದೇವಿ ಕಾವಲು ಅಂತ ಬೋರ್ಡು ಹಾಕಿದ್ಮೇಲೆ ಒಂದು ಅಡಿಕೆ ಕಳುವಾಗಿದ್ಯಾ?"

"ಅಡಿಕೆ ನಡ್ಕೊಂಡು ಹೋಗಲ್ಲ ರೀ! ಅಪ್ಪ ಕರೆದ್ರೆ ಮಗು ಹೋಗುತ್ತೆ!"

ಭಾನುವಾರ ಪ್ರದೀಪನೇ ಮಗಳನ್ನು ವಾಪಸ್ ತಂದು ಬಿಟ್ಟ. ಹೋಗುವಾಗ ಮೆಟ್ಟಿಲ ಮೇಲೆ ನಿಂತು ಅಂದ, "ಅತ್ತಿಗೆ, ಬರೋ ಜೂನಿಗೆ ಇವಳನ್ನ ಅಲ್ಲೇ ಸ್ಕೂಲಿಗೆ ಸೇರಿಸ್ತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಬಾರದಂತೆ! ರಾತ್ರಿ ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದ್ದು ಯಾರು, ಮಗ್ಗಿ ಕಲಿಸಿದ್ದು ಯಾರು? ವಿಶಾಲಮ್ಮ ಮಗುವಿನ ಬ್ಯಾಗು ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಮಂಜುನಾಥಪ್ಪ ಮಾತ್ರ ತನ್ನ ಪಟ್ಟು ಬಿಡಲಿಲ್ಲ. ಸಿಗಂದೂರಿಗೇ ಹೋಗೋಣ, ಅಲ್ಲಿ ನಿಂತು ಯಾರು ಸುಳ್ಳು ಹೇಳುತ್ತಾರೋ ನೋಡೋಣ ಎಂದ.

ಈ ಸಲ ಲಾಂಚಿಗೆ ಕಾಯುವ ಕೆಲಸವಿರಲಿಲ್ಲ, ಪ್ರದೀಪನನ್ನೂ ಲಿಖಿತಾಳನ್ನೂ ಕರೆದುಕೊಂಡು ಹೊಸ ಸೇತುವೆ ಮೇಲೆಯೇ ಹೋದರು. ದೇವಿಯ ಎದುರು ವಿಶಾಲಮ್ಮ ಕೈಮುಗಿದು, "'ಇನ್ಮೇಲೆ ಇವಳು ನಿಮ್ಮ ಮಗಳು' ಅಂತ ಅವತ್ತು ಇಲ್ಲೇ ಪ್ರದೀಪ ಹೇಳಿದ್ದು ನಿಜ" ಎಂದಳು. ಪ್ರದೀಪನೂ ಕೈಮುಗಿದು, "ನನಗೊಂದು ನೆಲೆ ಆಗೋವರೆಗೆ ಸಾಕಿ ಅಂದಿದ್ದೂ ನಿಜ" ಎಂದ. ಇಬ್ಬರ ಕಣ್ಣಲ್ಲೂ ನೀರು. ಇಬ್ಬರೂ ಸುಳ್ಳು ಹೇಳುವವರಲ್ಲ. ಲಿಖಿತಾ ಕಂಬಕ್ಕೆ ಒರಗಿ ಇಬ್ಬರನ್ನೂ ನೋಡುತ್ತಿದ್ದಳು.

ಮಂಜುನಾಥಪ್ಪ ತಲೆ ಕೆರೆದುಕೊಂಡ. "ಇಬ್ಬರೂ ನಿಜಾನೇ ಹೇಳಿದ್ರಲ್ಲ, ಈಗೆಂತ ಮಾಡೋದು?"

"ನನ್ನ ಕೇಳ್ತೀರಾ? ಇನ್ನು ದೇವೀನೇ ಸ್ಕೂಲಿನ ಗೇಟಿಗೆ ಬಂದು ನಿಲ್ಬೇಕಾ?" ವಿಶಾಲಮ್ಮ ಲಿಖಿತಾಳ ಕೈ ಹಿಡಿದು ಗಂಡನನ್ನು ಬಿಟ್ಟು ಮುಂದೆ ನಡೆದಳು.

ಮರುದಿನ ಅವಳು ಗಂಡನನ್ನು ಎಳೆದುಕೊಂಡೇ ಪಕ್ಕದ ಮನೆಯ ಸುಮನಾಳ ಹತ್ತಿರ ಹೋದಳು. ಸುಮನಾ ವಕೀಲೆ. ಸಾಗರದ ಕೋರ್ಟಿನಲ್ಲಿ ಉಚಿತ ಕಾನೂನು ನೆರವಿನ ಕೇಸುಗಳನ್ನೂ ನಡೆಸುತ್ತಾಳೆ.

"ಸ್ಕೂಲಿನವರದ್ದು ತಪ್ಪಿಲ್ಲ ವಿಶಾಲಕ್ಕ" ಎಂದಳು ಸುಮನಾ. "ಕಾನೂನಿನ ಪ್ರಕಾರ ಅಪ್ಪನೇ ಪಾಲಕ. ಇಷ್ಟು ವರ್ಷ ಸಾಕಿದ್ರೂ ನಿಮ್ಮ ಹತ್ರ ಕೋರ್ಟಿನ ಆದೇಶ ಇಲ್ಲ. ನಾಳೆ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಸಹಿ ಬೇಕಾದ್ರೂ ಇದೇ ತೊಂದರೆ."

"ಕೋರ್ಟು ಹತ್ತಿದ್ರೆ ಸಂಬಂಧ ಹಾಳಾಗಲ್ವೇನೆ?" ಮಂಜುನಾಥಪ್ಪ ಕೇಳಿದ.

"ಈಗ ಚೆನ್ನಾಗಿದ್ಯಾ ಮಂಜಣ್ಣ? ಅಲ್ಲಿ ಮೊದಲು ಇಬ್ಬರನ್ನೂ ಕೂರಿಸಿ ಮಾತಾಡಿಸ್ತಾರೆ. ಒಪ್ಪಿದ್ರೆ ಅದನ್ನೇ ಆದೇಶ ಮಾಡ್ತಾರೆ."

"ದುಡ್ಡು?" ಎಂದಳು ವಿಶಾಲಮ್ಮ.

"ಹೆಂಗಸರಿಗೆ, ಮಕ್ಕಳಿಗೆ ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ. ಮಗು ಯಾವ ಊರಲ್ಲಿ ಬೆಳೀತಿದೆಯೋ ಅಲ್ಲಿಗೆ ಸೇರಿದ ಕೋರ್ಟಲ್ಲೇ ಅರ್ಜಿ. ಫ್ಯಾಮಿಲಿ ಕೋರ್ಟೋ, ಜಿಲ್ಲಾ ಕೋರ್ಟೋ ಅಂತ ಸಮಿತಿಯವರೇ ಹೇಳ್ತಾರೆ. ಸ್ಕೂಲಿನ ದಾಖಲಾತಿ, ಚುಚ್ಚುಮದ್ದಿನ ಕಾರ್ಡು ತಗೊಂಡು ಬನ್ನಿ."

"ದೇವಿ ಮಾತು ಬಿಟ್ಟು ಕೋರ್ಟಿಗೆ ಹೋದ ಹಾಗಾಗಲ್ವಾ?" ಮಂಜುನಾಥಪ್ಪ ಮತ್ತೆ ಶುರು ಮಾಡಿದ.

ಸುಮನಾಳಿಗೂ ತಾಳ್ಮೆ ತಪ್ಪಿತು. "ನಿಮ್ಮ ತೋಟಕ್ಕೆ ದೇವಿ ಕಾವಲಿದೆ. ಪಹಣಿ ಬೇಡ ಅಂತ ಬಿಟ್ಟಿದ್ದೀರಾ?"

"ಸ್ಕೂಲಿನ ಕಾಗದ ಎಲ್ಲಿಟ್ಟಿದ್ದೀಯ?" ಎಂದು ಮಂಜುನಾಥಪ್ಪ ಹೆಂಡತಿಯನ್ನು ಕೇಳಿದ. ವಿಶಾಲಮ್ಮನಿಗೆ ಖುಷಿಯಾಗುವಷ್ಟರಲ್ಲಿ ಸುಮನಾ ಇನ್ನೊಂದು ಮಾತು ಸೇರಿಸಿದಳು. "ಆದ್ರೆ ಅಕ್ಕ, ನಿಮಗೇ ಸಿಗುತ್ತೆ ಅಂತ ನಾನು ಹೇಳಲ್ಲ. ಯಾರ ಹಕ್ಕು ದೊಡ್ಡದು ಅನ್ನೋದಕ್ಕಿಂತ ಮಗುವಿಗೆ ಯಾವುದು ಒಳ್ಳೇದು ಅಂತ ಕೋರ್ಟು ನೋಡುತ್ತೆ. ಅಪ್ಪನ್ನ ಪೂರ್ತಿ ದೂರ ಇಡ್ತೀನಿ ಅಂದ್ರೆ ಆಗಲ್ಲ."

ವಿಶಾಲಮ್ಮನಿಗೆ ಆ ಮಾತು ಹಿಡಿಸಲಿಲ್ಲ. ಆದರೂ ಅರ್ಜಿ ಹಾಕಿದಳು. ಕೋರ್ಟಿಗೆ ಓಡಾಡಿದ್ದಾಯಿತು, ಕಾದಿದ್ದಾಯಿತು, ಗೊಣಗಿದ್ದೂ ಆಯಿತು. ಒಂದು ದಿನ ನ್ಯಾಯಾಧೀಶರು ದೊಡ್ಡವರನ್ನೆಲ್ಲ ಹೊರಗೆ ಕೂರಿಸಿ ಲಿಖಿತಾಳನ್ನು ಒಬ್ಬಳನ್ನೇ ಕರೆದು ಮಾತಾಡಿಸಿದರು. ಆಮೇಲೆ ಮಾತುಕತೆಯಲ್ಲಿ ಪ್ರದೀಪನೂ ಮೆತ್ತಗಾದ. ಓದು ಮುಗಿಯುವವರೆಗೆ ಲಿಖಿತಾ ವಿಶಾಲಮ್ಮನ ಬಳಿಯೇ ಇರಬೇಕು, ಶಾಲೆ ಮತ್ತು ಆಸ್ಪತ್ರೆಯ ಜವಾಬ್ದಾರಿ ಅವಳದೇ. ಪ್ರತಿ ತಿಂಗಳ ಎರಡನೇ ಶನಿವಾರ-ಭಾನುವಾರ ಮತ್ತು ಶಾಲೆಯ ದೊಡ್ಡ ರಜೆಯ ಅರ್ಧ ಭಾಗ ಅಪ್ಪನ ಮನೆಯಲ್ಲಿ. ಮೊದಲೇ ತಿಳಿಸದೆ ಕರೆದೊಯ್ಯುವಂತಿಲ್ಲ. ಕೋರ್ಟು ಅದನ್ನೇ ಆದೇಶ ಮಾಡಿತು.

ಮನೆಗೆ ಬರುವಾಗ ಬಸ್ಸಿನಲ್ಲಿ ವಿಶಾಲಮ್ಮ ತಡೆಯಲಾರದೆ ಕೇಳಿದಳು. "ಜಡ್ಜ್ ಹತ್ರ ಏನಂದೆ ಪುಟ್ಟಿ?"

"ದೊಡ್ಡಮ್ಮನ ಜೊತೆ ಇರ್ತೀನಿ, ಅಪ್ಪನೂ ಬೇಕು ಅಂದೆ. ಅವತ್ತು ಅಪ್ಪ ಹೇಳ್ದೆ ಕರ್ಕೊಂಡು ಹೋದಾಗ, ದೊಡ್ಡಮ್ಮ ರಸ್ತೇಲಿ ಕಾಯ್ತಿರ್ತಾರೆ ಅಂತ ಅಳು ಬಂತು ಅಂತಾನೂ ಹೇಳ್ದೆ." ಕಿಟಕಿಯಿಂದ ಇತ್ತ ತಿರುಗಿ ಹುಡುಗಿ ಕೇಳಿದಳು, "ದೊಡ್ಡಮ್ಮ, ಸಿಗಂದೂರಲ್ಲಿ ನಾನೂ ಇದ್ನಲ್ಲ. ನನ್ನನ್ಯಾಕೆ ಯಾರೂ ಕೇಳ್ಲಿಲ್ಲ?"

ಇಷ್ಟು ದಿನ ಎಲ್ಲರ ಮೇಲೂ ರೇಗಿದ್ದ ವಿಶಾಲಮ್ಮ, "ತಪ್ಪಾಯ್ತು ಪುಟ್ಟಿ" ಎಂದಳು. ಅವಳನ್ನು ಬಾಚಿ ತಬ್ಬಿಕೊಂಡಳು. ಮುಂದಿನ ಸೀಟಿನಲ್ಲಿದ್ದ ಮಂಜುನಾಥಪ್ಪ ಕನ್ನಡಕ ತೆಗೆದು ಒರೆಸಿಕೊಂಡ.

ನಿಮ್ಮ ಮನೆಯಲ್ಲೂ ತಂಗಿಯ ಮಗುವೋ, ಅಣ್ಣನ ಮಗುವೋ, ಮೊಮ್ಮಗುವೋ ಬೆಳೆಯುತ್ತಿದೆಯೇ? ದೇವರ ಮುಂದೆ ಆಡಿದ ಮಾತು ಇರಲಿ, ಹಿರಿಯರ ಮಾತೂ ಇರಲಿ. ಜೊತೆಗೆ ನಿಮ್ಮ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಒಮ್ಮೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಗುವನ್ನು ಯಾರಾದರೂ ಕರೆದೊಯ್ಯುವವರೆಗೆ ಕಾಯಬೇಡಿ. ಮತ್ತು ಹೊರಡುವ ಮೊದಲು ಆ ಮಗುವನ್ನೇ ಪಕ್ಕಕ್ಕೆ ಕೂರಿಸಿಕೊಂಡು ಕೇಳಿ, "ನಿನಗೇನು ಬೇಕು ಪುಟ್ಟಿ?"