ಕಿಟಕಿಯಿಲ್ಲದ ದೇಶ

ಇದು ನಿನ್ನೆಯದಲ್ಲ, ಮೊನ್ನೆಯದೂ ಅಲ್ಲ. ಮನೆಯ ಕೋಣೆಗಳಿಗೆಲ್ಲ ಅಂಕ ಕೊಡುತ್ತಿದ್ದ ಕಾಲದ ಮಾತು. ಆ ಕಾಲದಲ್ಲಿ ಒಂದು ಮನೆ, ಮನೆಗೊಂದು ಅಡುಗೆಮನೆ, ಅಡುಗೆಮನೆಗೊಬ್ಬಳು ಸೊಸೆ. ಮದುವೆಯಾಗಿ ಬಂದವಳು ಒಲೆಯ ಮುಂದೆ ಕೂತು ಸುತ್ತ ನೋಡಿದಳು. ನಾಲ್ಕು ಗೋಡೆ, ಒಂದು ಬಾಗಿಲು, ಆ ಬಾಗಿಲೂ ಹಜಾರಕ್ಕೆ ತೆರೆಯುವಂಥದ್ದು. ಅದನ್ನು ಸದಾ ಮುಚ್ಚಿಯೇ ಇಡಬೇಕು. ಇಲ್ಲದಿದ್ದರೆ ಹಜಾರಕ್ಕೆ ಹೊಗೆ. ಹೋಗಲು ದಾರಿಯಿಲ್ಲದ ಹೊಗೆ ಅವಳ ಸುತ್ತ ಸುತ್ತಿ, ಸಾಕಾಗಿ, ಅವಳ ಕೂದಲಲ್ಲೇ ಗೂಡು ಕಟ್ಟಿಕೊಳ್ಳುತ್ತಿತ್ತು. ಹೊಸ ಸೊಸೆಯ ಕೆಂಪು ಕಣ್ಣು ಕಂಡು ಮಾವ ಮಾತು ಕೊಟ್ಟರು: “ಈ ಮಳೆಗಾಲ ಒಂದು ಮುಗೀಲಮ್ಮ, ಇಲ್ಲೊಂದು ಕಿಟಕಿ ಇಡಿಸ್ತೀನಿ.”

ಮಳೆಗಾಲ ಮುಗಿಯಿತು. ಇನ್ನೊಂದು ಬಂತು, ಅದೂ ಮುಗಿಯಿತು. ಕೇಳಿದಾಗಲೆಲ್ಲ ಮಾವ “ನೋಡೋಣ” ಅನ್ನುತ್ತಿದ್ದರು. ನೋಡುವುದಕ್ಕೆ ಅವರಿಗೆ ಹಜಾರದಲ್ಲಿ ಎರಡೆರಡು ಕಿಟಕಿಗಳಿದ್ದವು.

ಆ ಎರಡರಲ್ಲೊಂದು ಅಡುಗೆಮನೆಯದೇ. ಮಾವ ಶಾಲೆಗಳ ಇನ್ಸ್‌ಪೆಕ್ಟರ್ ಆದಾಗ, ಪೇಪರ್ ಓದಲು ಬೆಳಕು ಸಾಲದೆಂದು ಅಡುಗೆಮನೆಯ ಕಿಟಕಿಯನ್ನು ಚೌಕಟ್ಟಿನ ಸಮೇತ ಕಿತ್ತು ಹಜಾರಕ್ಕೆ ಹಾಕಿಸಿ, ಇಲ್ಲಿಯ ಬಾಯಿಗೆ ಇಟ್ಟಿಗೆ ತುಂಬಿಸಿದ್ದರು. ಇದೇನು ಗುಟ್ಟಲ್ಲ. ಗೋಡೆಯ ಮೇಲೆ ಹೊಲಿಗೆ ಹಾಕಿದ ಗಾಯದಂತೆ ಚೌಕಾಕಾರದ ಗುರುತು ಎದ್ದು ಕಾಣುತ್ತಿತ್ತು. ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಇತ್ತೀಚೆಗೆ ಸೊಸೆಯ ಕೆಮ್ಮು ಎದೆಗೆ ಇಳಿದಿತ್ತು. ಮೆಟ್ಟಿಲು ಹತ್ತಿದರೆ ಉಸಿರು ಹಿಂದೆ ಉಳಿಯುತ್ತಿತ್ತು. ವೈದ್ಯರು ಎದೆಗೆ ಕೊಳವೆ ಇಟ್ಟು ಕೇಳಿ, ಒಂದೋ ಗಾಳಿಯಾಡುವ ಕಡೆ ಅಡುಗೆ ಮಾಡಬೇಕು, ಇಲ್ಲವೇ ಅಡುಗೆಯನ್ನೇ ಬಿಡಬೇಕು, ಎರಡೂ ಆಗದಿದ್ದರೆ ನನ್ನನ್ನು ಕೇಳಬೇಡಿ ಎಂದಿದ್ದರು. ಅಡುಗೆ ಬಿಡುವ ವಿಚಾರ ಮನೆಯಲ್ಲಿ ಯಾರಿಗೂ ಹೊಳೆಯಲೇ ಇಲ್ಲ. ಹಾಗಾಗಿ ಉಳಿದದ್ದು ಕಿಟಕಿಯೊಂದೇ.

ಅಳತೆ ಕಚೇರಿಯವರು ಬೀದಿಗೆ ಕಾಲಿಟ್ಟದ್ದು ಆಗಲೇ. ಅವರು ಮೊದಲು ದೇಶಗಳನ್ನು ಅಳೆಯುತ್ತಿದ್ದರಂತೆ. ದೇಶ ದೊಡ್ಡದಾಯಿತು, ಒಳಗಿನದೇನೂ ಕಾಣುವುದಿಲ್ಲವೆಂದು ಊರನ್ನು ಅಳೆದರು, ಬೀದಿಯನ್ನು ಅಳೆದರು, ಮನೆಯನ್ನು ಅಳೆದರು, ಕೊನೆಗೆ ಕೋಣೆಗೆ ಬಂದು ನಿಂತರು. ಇನ್ನು ಮುಂದೆ ಒಂದೊಂದು ಕೋಣೆಯೂ ಒಂದೊಂದು ದೇಶ. ಅಲ್ಲಿಯವರು ಎಷ್ಟು ಕಾಲ ಬದುಕುತ್ತಾರೆ, ಎಷ್ಟು ಓದಿದ್ದಾರೆ, ಕೈಯಲ್ಲಿ ಎಷ್ಟು ಕಾಸು ಆಡುತ್ತದೆ, ಈ ಮೂರನ್ನು ಕೂಡಿಸಿ ಭಾಗಿಸಿ ಬಂದ ಅಂಕವನ್ನು ತಗಡಿನ ಮೇಲೆ ಬರೆದು ಬಾಗಿಲಿಗೆ ಹೊಡೆಯುತ್ತಿದ್ದರು. ಮಾವ ಮತ್ತು ಅವರ ಮಗ, ಅಂದರೆ ಸೊಸೆಯ ಗಂಡ, ಕೂರುವ ಹಜಾರ ಇಡೀ ಬೀದಿಗೇ ಮೊದಲನೆಯ ದೇಶವಾಯಿತು. ಅತ್ತೆ ಮತ್ತು ಸೊಸೆಯ ಅಡುಗೆಮನೆ ಕಡುಹಿಂದುಳಿದ ದೇಶವಾಯಿತು. ನಡುವೆ ಇದ್ದದ್ದು ಒಂದು ಹೊಸ್ತಿಲು.

ಒಂದೇ ಸೂರಿನಡಿ ಇಷ್ಟು ಅಂತರ ಹೇಗೆ ಬಂತೆಂದು ಕಾರಣ ಹುಡುಕಲು ತಜ್ಞರು ಬಂದರು. ಮೊದಲನೆಯವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಇಲ್ಲಿ ಸೆಕೆ ಜಾಸ್ತಿ, ಸೆಕೆಯ ನಾಡಿನ ಜನ ಮೈಗಳ್ಳರಾಗುತ್ತಾರೆ ಎಂದು ಬರೆದುಕೊಂಡರು. ಸೊಸೆ ಆಗ ಒಂದು ಕೈಯಲ್ಲಿ ಮೆಣಸಿನಕಾಯಿ ಹುರಿಯುತ್ತ ಇನ್ನೊಂದರಲ್ಲಿ ಕಟ್ಟಿಗೆ ಮುಂದೂಡುತ್ತಿದ್ದಳು. ಎರಡನೆಯವರು ಗೋಡೆಗಳನ್ನು ಮುಟ್ಟಿ ನೋಡಿ, ಬೀದಿಗೆ ಬಾಗಿಲಿಲ್ಲದ ದೇಶ ಉದ್ಧಾರವಾಗುವುದಾದರೂ ಹೇಗೆ ಎಂದು ಮರುಗಿದರು. ಮೂರನೆಯವರು, ಇಲ್ಲಿಯವರಿಗೆ ಉಳಿಸುವ ಅಭ್ಯಾಸವಿಲ್ಲ, ಎಲ್ಲರ ಊಟವಾದ ಮೇಲೆ ಉಳಿದದ್ದನ್ನೂ ಇವರು ತಿಂದು ಖಾಲಿ ಮಾಡುತ್ತಾರೆ ಎಂದರು.

ಅತ್ತೆ ಪಾತ್ರೆ ತಿಕ್ಕುತ್ತ, ಇಲ್ಲಿದ್ದ ಕಿಟಕಿ ಕಿತ್ತುಕೊಂಡು ಹೋದರು, ಅಷ್ಟೇ ಕಾರಣ ಎಂದರು. ತಜ್ಞರು ಪೆನ್ನಿನ ಮುಚ್ಚಳ ಹಾಕಿದರು. ಅದು ಇತಿಹಾಸ, ತಮ್ಮ ವಿಭಾಗಕ್ಕೆ ಬರುವುದಿಲ್ಲವಂತೆ.

ಆದರೂ ಅವರ ವರದಿಯಿಂದ ಒಂದು ಒಳ್ಳೆಯದಾಯಿತು. ಮುಂದಿನ ಅಳತೆಯಲ್ಲೂ ಕಚೇರಿ ಎಳೆದ ಹಿಂದುಳಿದವರ ಗೆರೆಯ ಕೆಳಗೇ ಉಳಿಯುವ ಅಡುಗೆಮನೆಗಳಿಗೆ ಕಚೇರಿಯೇ ಗೋಡೆ ಕೊರೆದು ಕಿಟಕಿ ಇಟ್ಟುಕೊಡುವುದೆಂದು ಆಜ್ಞೆ ಹೊರಟಿತು. ಸೊಸೆಗೆ ಜೀವ ಬಂದಂತಾಯಿತು. ಹಿಂದುಳಿದರೆ ಸಾಕು, ಕಿಟಕಿ ಸಿಗುತ್ತದೆ. ಹಿಂದುಳಿಯುವುದು ಅವರಿಗೆ ಹೊಸದೇ?

ಅದೇ ಆಜ್ಞೆಯ ಬಾಲದಲ್ಲಿ ಇನ್ನೊಂದು ಮಾತಿತ್ತು. ಒಂದೇ ಮನೆಯ ಕೋಣೆಗಳ ನಡುವೆ ಅಂತರ ಹೆಚ್ಚಿದ್ದರೆ ಮೇಲಿನ ಕೋಣೆಯ ಅಂಕ ಕತ್ತರಿಸಲಾಗುವುದು. ಕತ್ತರಿಸಿದರು. ಬೆಳಗಾಗೆದ್ದು ನೋಡಿದರೆ, ಎದುರುಮನೆಯ ದರ್ಜಿಯ ಜಗಲಿ ಹಜಾರವನ್ನು ಹಿಂದೆ ಹಾಕಿತ್ತು. ದರ್ಜಿ ತನ್ನ ತಗಡನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ನಿಂತ. ಮಾವ ಅಂದು ಊಟ ಬಿಟ್ಟು ಹಜಾರದ ಉದ್ದಕ್ಕೂ ಶತಪಥ ಹಾಕಿದರು. ಅಂತರ ಕಡಿಮೆಯಾಗಬೇಕಾದರೆ ಅಡುಗೆಮನೆ ಮೇಲೇಳಬೇಕು. ಹೇಗೆ ಏಳಿಸುವುದು? ಉಪಾಯ ಹೊಳೆಯಿತು.

ಅಳತೆಯ ದಿನ ಬೆಳಿಗ್ಗೆ ಮಾವ ತಮ್ಮ ಆರಾಮಕುರ್ಚಿಯನ್ನು ಎಳೆದುಕೊಂಡು ಬಂದು, ಒಲೆಗೂ ನೀರಿನ ಕೊಡಕ್ಕೂ ನಡುವೆ ಹಾಕಿಕೊಂಡು ಕೂತುಬಿಟ್ಟರು. ಎರಡೆರಡು ಪದವಿ, ತುಂಬು ಪಿಂಚಣಿ, ತುಂಬು ವಯಸ್ಸು, ಎಲ್ಲವೂ ಒಟ್ಟಿಗೆ ಅಡುಗೆಮನೆಯಲ್ಲಿ ಆಸೀನವಾಯಿತು.

“ಮಾವ, ನೀವು ಇಲ್ಲಿ ಕೂತ್ರೆ ನಾವು ಗೆರೆ ದಾಟಿಬಿಡ್ತೀವಿ. ನನ್ನ ಕಿಟಕಿ ಹೋಗುತ್ತೆ,” ಎಂದಳು ಸೊಸೆ.

“ಕಿಟಕಿ ಎಲ್ಲಿಗೆ ಹೋಗುತ್ತಮ್ಮ? ಅದನ್ನ ನಾನೇ ಇಡಿಸ್ತೀನಿ ಅಂದಿಲ್ವಾ? ನೋಡೋಣ. ಈಗ ಮನೆ ಮರ್ಯಾದೆ ಮುಖ್ಯ.”

ಅಳತೆಯಮ್ಮ ಬಂದಳು. ಕಚೇರಿಯ ಆ ಹೆಂಗಸನ್ನು ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಮಾವನ ಓದನ್ನು ಮೂವರಿಗೂ ಹಂಚಿದಳು, ಮಾವನ ಪಿಂಚಣಿಯನ್ನು ಮೂವರಿಗೂ ಹಂಚಿದಳು. ಎಂದೂ ಶಾಲೆಯ ಮೆಟ್ಟಿಲು ಹತ್ತದ ಅತ್ತೆ ಕಾಗದದ ಮೇಲೆ ಹೈಸ್ಕೂಲು ದಾಟಿದರು. ಅಡುಗೆಮನೆ ಗೆರೆಗಿಂತ ಕೂದಲೆಳೆಯಷ್ಟು ಮೇಲೆ ಬಂತು. ಅಳತೆಯಮ್ಮ ಕೆಮ್ಮುತ್ತಲೇ ಅಭಿನಂದನೆ ಹೇಳಿದಳು. ಮುಂದುವರಿದ ದೇಶಕ್ಕೆ ಕಿಟಕಿ ಕೊಡುವಂತಿಲ್ಲವೆಂದಳು. ಹೊರಡುವಾಗ ಇನ್ನೊಂದು ಮಾತು ತಿಳಿಸಿದಳು: ಮುಂದಿನ ಅಳತೆಯವರೆಗೆ ಆಯಾ ದೇಶದವರು ಆಯಾ ದೇಶದಲ್ಲೇ ವಾಸವಿರಬೇಕು, ತಪಾಸಣೆಗೆ ಯಾವಾಗ ಬೇಕಾದರೂ ಬರುತ್ತೇವೆ, ಗಡಿ ದಾಟಿದ್ದು ಕಂಡರೆ ಎರಡೂ ತಗಡು ಕೀಳುತ್ತೇವೆ.

ಬೇರೆ ಯಾರಾದರೂ ಆಗಿದ್ದರೆ ಅವಳ ಬೆನ್ನು ಮರೆಯಾಗುತ್ತಲೇ ಕುರ್ಚಿ ಎತ್ತಿಕೊಂಡು ಹೋಗುತ್ತಿದ್ದರು. ಆದರೆ ಮಾವ ಜೀವಮಾನವಿಡೀ ತಪಾಸಣೆ ಮಾಡಿದವರು, ಬೆಂಚು ಬಿಟ್ಟು ಅಲುಗಾಡಿದ ಮಕ್ಕಳ ಶಾಲೆಗೆ ಕೆಂಪು ಶಾಯಿಯಲ್ಲಿ ಷರಾ ಬರೆದವರು. ತಪಾಸಣೆ ಎಂಬ ಪದ ಕೇಳಿದೊಡನೆ ಅವರ ಬೆನ್ನು ತಾನೇ ನೆಟ್ಟಗಾಯಿತು.

ಸೊಸೆ ಬಾಗಿಲು ಮುಚ್ಚಿ ಒಲೆ ಹಚ್ಚಿದಳು. ಮಾವ ಪೇಪರ್ ಬಿಡಿಸಿದರು. ತಲೆಬರಹ ಕಂಡಿತು, ಸುದ್ದಿ ಕಾಣಲಿಲ್ಲ. ಕಣ್ಣು ಉರಿಯಿತು, ಮೂಗು ಸೋರಿತು, ಮಧ್ಯಾಹ್ನದ ಹೊತ್ತಿಗೆ ಮೂವರೂ ಸರದಿಯ ಮೇಲೆ ಕೆಮ್ಮುತ್ತಿದ್ದರು.

“ಈ ಹೊಗೇಲಿ ಹೆಂಗಮ್ಮ ಇರ್ತೀರಿ ನೀವು?”

“ನಮ್ಮ ಕೆಮ್ಮು ಇಷ್ಟು ದಿನ ನಿಮಗೆ ಕೇಳಿಸ್ಲಿಲ್ವಾ ಮಾವ?”

ಮಾವ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. “ಕೇಳಿಸ್ತಿತ್ತು. ಪಕ್ಕದ ಮನೇದು ಅಂದ್ಕೊಂಡಿದ್ದೆ.”

ಅತ್ತೆ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು.

ಮಾವ ಬಾಗಿಲು ಬಡಿದು ಮಗನನ್ನು ಕರೆದರು. ಹಜಾರವನ್ನು ಈಗ ಒಬ್ಬನೇ ಆಳುತ್ತಿದ್ದ ಮಗ, ಗಡಿಯಾಚೆಯಿಂದಲೇ ಅಹವಾಲು ಕೇಳಿಸಿಕೊಂಡ. ಕಿಟಕಿಯೆಂದರೆ ಸುಮ್ಮನೆಯೇ, ಎಲ್ಲ ಕೂಡಿ ಬರಬೇಕು ಎಂದ. “ನೋಡೋಣಪ್ಪ. ಈ ಮಳೆಗಾಲ ಮುಗೀಲಿ.” ಸದ್ಯಕ್ಕೆ ನೆರವೆಂದು ಒಂದು ಬೀಸಣಿಗೆಯನ್ನು ಬಾಗಿಲ ಸಂದಿಯಿಂದ ತೂರಿಸಿದ. ಅದನ್ನು ಹೇಗೆ ಬೀಸಬೇಕು ಎಂದು ತರಬೇತಿಯನ್ನೂ ಕೊಟ್ಟ. ಮಾವ ಬೀಸಿದಾಗ ಹೊಗೆ ಅತ್ತೆಯ ಕಡೆಗೆ ಹೋಯಿತು. ಅತ್ತೆ ಬೀಸಿದಾಗ ಮಾವನ ಕಡೆಗೆ ಮರಳಿ ಬಂತು.

ಮಾವನಿಗೆ ಸಿಟ್ಟು ಬಂತು. ಸಿಟ್ಟು ಬಂದಾಗಲೆಲ್ಲ ವರದಿ ಬರೆದು ಅಭ್ಯಾಸ. ಕುರ್ಚಿಯಲ್ಲಿ ಒರಗಿ, ಹೊಗೆಯ ಮೂಲ ಕಾರಣಗಳ ಕುರಿತು ಗಟ್ಟಿಯಾಗಿ ಯೋಚಿಸತೊಡಗಿದರು. ಒಲೆಯ ಸ್ವಭಾವ ಒಂದು, ಕಟ್ಟಿಗೆಯ ತೇವ ಇನ್ನೊಂದು. ಮೂರನೆಯದು ಹೊಳೆಯುವಷ್ಟರಲ್ಲಿ ಸೆಕೆಗೆ ನಿದ್ದೆ ಎಳೆಯಿತು. ಎಚ್ಚರವಾದದ್ದು ಸೊಸೆ ನೆಲಕ್ಕೆ ಕುಸಿದ ಸದ್ದಿಗೆ.

ಅವಳು ಗೋಡೆಗೆ ಒರಗಿ ಬಾಯಿ ತೆರೆದು ಕೂತಿದ್ದಳು. ಉಸಿರು ಒಳಗೆ ಹೋಗುತ್ತಿರಲಿಲ್ಲ, ಸುಮ್ಮನೆ ತುಟಿಯ ಬಳಿ ಬಂದು ತಿರುಗಿ ಹೋಗುತ್ತಿತ್ತು. ಅತ್ತೆ ಒಲೆಗೆ ನೀರು ಸುರಿದು ಅವಳನ್ನು ಬಾಗಿಲ ಸಂದಿಗೆ ಎಳೆದು ತಂದು ಬೆನ್ನು ತಿಕ್ಕಿದರು. ಬಹಳ ಹೊತ್ತಿನ ಮೇಲೆ ಅವಳ ತುಟಿಯ ನೀಲಿ ಇಳಿಯಿತು. ಅಷ್ಟೂ ಹೊತ್ತು ಮಾವ ಗೋಡೆಯ ಮೇಲಿನ ಚೌಕದ ಗುರುತನ್ನೇ ನೋಡುತ್ತ ನಿಂತಿದ್ದರು. ಯೋಚನೆಯ ಪಟ್ಟಿ ಅಲ್ಲಿಗೇ ನಿಂತುಹೋಗಿತ್ತು.

“ಕಾರಣ ಆಮೇಲೆ ಹುಡುಕಿ ಮಾವ,” ಎಂದಳು ಸೊಸೆ, ಒಂದೊಂದೇ ಪದ ಎತ್ತಿಟ್ಟ ಹಾಗೆ. “ಮೊದ್ಲು ಇಟ್ಟಿಗೆ ತೆಗೀರಿ.”

ಅತ್ತೆ ಎದ್ದು ಕಟ್ಟಿಗೆ ರಾಶಿಯ ಹಿಂದಿದ್ದ ಹಾರೆ ಎತ್ತಿಕೊಂಡರು. ಮಾವ ಅದನ್ನು ಅವರ ಕೈಯಿಂದ ಇಸಿದುಕೊಂಡರು. ಮೊದಲ ಏಟಿಗೆ ಗಾರೆ ಉದುರಿ ಅವರ ಕನ್ನಡಕದ ಮೇಲೇ ಬಿತ್ತು. ಎರಡನೆಯದಕ್ಕೆ ತೋಳು ನೋಯಿತು. ಅತ್ತೆ ಇಟ್ಟಿಗೆಗಳನ್ನು ಒಂದೊಂದಾಗಿ ಜಗ್ಗಿ ನೆಲಕ್ಕೆ ಹಾಕಿದರು. ಹಿತ್ತಲು ಕಂಡಿತು, ಬಟ್ಟೆ ಒಣಹಾಕುವ ತಂತಿ, ಒಡೆದ ಬಕೆಟ್ಟು, ಅದರಾಚೆ ಆಕಾಶ.

ಬಾಯಿ ತೆರೆದಿತ್ತು, ಚೌಕಟ್ಟು ಹಜಾರದಲ್ಲಿತ್ತು. ಮಾವ ಬಾಗಿಲು ತೆರೆದು ಹೊಸ್ತಿಲ ಈಚೆಗೇ ನಿಂತು, ಕಿಟಕಿ ಕಿತ್ತುಕೊಡು ಎಂದು ಮಗನಿಗೆ ಹೇಳಿದರು. ಮಗ ಒಪ್ಪಲಿಲ್ಲ. ಅದು ಮೊದಲಿನಿಂದಲೂ ಹಜಾರದ ಆಸ್ತಿ, ನಮ್ಮ ಪರಿಶ್ರಮದ ಫಲ, ಕೊಟ್ಟರೆ ಅಂಕ ಬೀಳುತ್ತದೆ ಎಂದು ವಾದಿಸಿದ. ಮಾವನಿಗೆ ಆ ವಾದ ಬಲು ಪರಿಚಿತವಾಗಿತ್ತು. ಮಗನಿಗೆ ಅದನ್ನು ಕಲಿಸಿದವರು ಅವರೇ.

ಅವರು ಕೆಳಗೆ ನೋಡಿದರು, ಹೊಸ್ತಿಲು ದಾಟಿದರು.

“ಅಪ್ಪ, ತಪಾಸಣೆ,” ಎಂದ ಮಗ.

“ಬರಲಿ. ಆ ಕಡೆ ಹಿಡ್ಕೋ.”

ಮಗ ಒಂದು ಗಳಿಗೆ ತಂದೆಯ ಮಸಿ ಹಿಡಿದ ಮುಖ ನೋಡಿದ, ಬಾಗಿಲಿಗೆ ಒರಗಿ ಏದುಸಿರು ಬಿಡುತ್ತಿದ್ದ ಹೆಂಡತಿಯನ್ನು ನೋಡಿದ. ಬಂದು ಆ ಕಡೆ ಹಿಡಿದ. ಚೌಕಟ್ಟು ಅಲುಗಿತು, ಕಿರುಗುಟ್ಟಿತು, ಹಜಾರದ ಗೋಡೆಯ ಅರ್ಧ ಸುಣ್ಣವನ್ನು ತನ್ನೊಂದಿಗೆ ಎಳೆದುಕೊಂಡು ಹೊರಬಂತು. ಉಳಿದ ಕಂಡಿಯಿಂದ ಎದುರುಮನೆಯ ದರ್ಜಿ ಸೂಜಿ ಹಿಡಿದ ಕೈ ಹಾಗೇ ಇಟ್ಟು ಒಳಗೆ ಇಣುಕುತ್ತಿದ್ದ.

ತಂದೆ ಮಗ ಇಬ್ಬರೂ ಚೌಕಟ್ಟನ್ನು ಓರೆ ಮಾಡಿ ಬಾಗಿಲು ದಾಟಿಸಿದರು, ಎತ್ತಿ ತೂತಿಗೆ ಕೂರಿಸಿದರು. ಮೇಲಿನ ಮೂಲೆ ಒಂದಿಷ್ಟು ಸತಾಯಿಸಿತು. ಅತ್ತೆ ಕೆಳಗೊಂದು ಮರದ ಚೂರು ಸಿಕ್ಕಿಸಿ ಗುದ್ದಿದರು. ಸಂದುಗಳಿಗೆ ಮಣ್ಣು ಮೆತ್ತಿದರು. ಬಿಗಿದಿದ್ದ ಚಿಲಕವನ್ನು ಸೊಸೆಯೇ ಬಂದು ಎರಡೂ ಕೈಯಿಂದ ಎಳೆದಳು, ಕದ ತೆರೆದುಕೊಂಡಿತು.