ಬೆರಳಗಲದ ದೂರ

ಮಗಳು ಇಂದ್ರಮ್ಮ ವಿಯೆನ್ನಾದ ಆಸ್ಪತ್ರೆಗೆ ನರ್ಸಾಗಿ ಹೊರಟ ದಿನ, ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲೇ ಕಮಲಾಕ್ಷಮ್ಮ ಗಂಡನಿಂದ ಮಾತು ತೆಗೆದುಕೊಂಡಿದ್ದಳು. "ನಾನು ಕಣ್ಮುಚ್ಚಿದ್ರೆ, ಇಂದ್ರಿ ಬಂದು ಮುಖ ನೋಡೋಗಂಟ ಮಣ್ಣು ಹಾಕಿಸ್ಬೇಡಿ ಕಣ್ರೀ." ಮರುಳಸಿದ್ದಯ್ಯ ಮೇಷ್ಟ್ರು, "ಆಯ್ತು ಮಾರಾಯ್ತಿ, ಹಾಕಿಸಲ್ಲ. ಈಗ ಅಳು ನಿಲ್ಲಿಸು" ಅಂದಿದ್ದರು.

ಒಂಬತ್ತು ವರ್ಷದ ಮೇಲೆ, ಎಂಬತ್ಮೂರರ ಬೇಸಿಗೆಯಲ್ಲಿ ಕಮಲಾಕ್ಷಮ್ಮ ಹೋದಳು. ಮಗಳಿಗೆ ತಂತಿ ಕೊಟ್ಟರು. ಮಾರನೇ ಬೆಳಿಗ್ಗೆ ಉತ್ತರ ಬಂತು: ರಾತ್ರಿಯೇ ಹೊರಟಿದ್ದೇನೆ, ಫ್ರಾಂಕ್‌ಫರ್ಟ್ ಮೇಲೆ ಬೊಂಬಾಯಿಗೆ, ಅವ್ವನನ್ನು ಇಟ್ಟುಕೊಂಡಿರಿ.

"ಯಾವಾಗ ಬತ್ತಾಳೆ ಭಾವ?" ಕಮಲಾಕ್ಷಮ್ಮನ ತಮ್ಮ ಬಸವಲಿಂಗಯ್ಯ ಕೇಳಿದ. "ಮಂಜುಗಡ್ಡೆ ಇಕ್ಕಿದಂಗೆ ಕರಗ್ತಾ ಐತೆ."

ಮೇಷ್ಟ್ರು ಮೂವತ್ತು ವರ್ಷ ಭೂಗೋಳ ಹೇಳಿದವರು. ಗೋಡೆಯ ನಕ್ಷೆಯ ಮುಂದೆ ನಿಂತು ಬೆರಳಿಟ್ಟರು. ವಿಯೆನ್ನಾಕ್ಕೂ ಫ್ರಾಂಕ್‌ಫರ್ಟಿಗೂ ಬೆರಳಗಲ ಜಾಗ.

"ಇಷ್ಟು ಪಕ್ಕದೂರಿಗೆ ವಿಮಾನ ಎಲ್ಲೀದು? ಸಿರಾದಿಂದ ಪಾವಗಡಕ್ಕೆ ಯಾರಾದ್ರೂ ವಿಮಾನ ಹತ್ತುತಾರೇನಯ್ಯಾ? ರೈಲೇ. ನಡುವೆ ದೇಶದ ಗಡಿ ಬೇರೆ. ಆಂಧ್ರದ ಚೆಕ್‌ಪೋಸ್ಟಲ್ಲೇ ಲಾರಿ ಒಪ್ಪತ್ತು ನಿಲ್ಲುತ್ತೆ, ಅಲ್ಲಿ ಇನ್ನೆಷ್ಟೋ. ಫ್ರಾಂಕ್‌ಫರ್ಟ್ ಸೇರೋಕೇ ನಾಳೆ ಆಗುತ್ತೆ. ಇವತ್ತೇ ಮಣ್ಣು ಮಾಡೋದೇ ಸರಿ."

ಗುಣಿ ತೋಡಲು ಬಂದಿದ್ದ ದಾಸಣ್ಣ ಅವರ ಹಳೇ ಶಿಷ್ಯ. ಗುದ್ದಲಿ ಹಿಡಿದು ಅಲ್ಲೇ ನಿಂತಿದ್ದ. "ಸಂಜೆಗಂಟ ಕಾಯನ ಬುಡಿ ಸಾ. ಅಮ್ಮಾವ್ರು ಆಸೆ ಇಕ್ಕಂಡಿದ್ರು."

"ಭೂಗೋಳದಲ್ಲಿ ನಿಂಗೆಷ್ಟು ಬಂದಿತ್ತೋ ದಾಸಣ್ಣ?"

"ಸೊನ್ನೆ ಸಾ. ನೀವೇ ಕೊಟ್ಟಿದ್ದು."

ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು. ದಾಸಣ್ಣ ತಲೆ ಕೆರೆದುಕೊಂಡು ಹೊಲದ ಕಡೆ ನಡೆದ.

ಬೆಂಗಳೂರಿನ ವಿಮಾನದ ಆಫೀಸಿಗೊಂದು ಟ್ರಂಕ್ ಕಾಲ್ ಹಾಕಿ ವಿಚಾರಿಸಬಹುದೆಂದು ಮೇಷ್ಟ್ರಿಗೆ ಹೊಳೆಯದೆ ಇರಲಿಲ್ಲ. ಆದರೆ ಭೂಗೋಳದ ಮೇಷ್ಟ್ರು ಇನ್ನೊಬ್ಬರನ್ನು ದೂರ ಕೇಳುವುದೇ? ಅದೂ ಊರೆಲ್ಲ ನೆರೆದಿರುವಾಗ? ಅಯ್ನೋರಿಗೆ ಹೇಳಿಕಳಿಸಿದರು. ಮಧ್ಯಾಹ್ನ ಅಯ್ನೋರು ಬಂದರು, ವಿಭೂತಿ ಹಚ್ಚಿದರು, ಕ್ರಿಯೆ ಮುಗಿಯಿತು.

ಹೊತ್ತು ಇಳಿಯುವ ಮುಂಚೆಯೇ ಬಾಗಿಲಲ್ಲಿ ಟ್ಯಾಕ್ಸಿ ನಿಂತಿತು. ಇಂದ್ರಮ್ಮ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿದಳು. ನಡುಮನೆ ತೊಳೆದಿತ್ತು. ದೀಪವೊಂದು ಉರಿಯುತ್ತಿತ್ತು.

"ಅವ್ವ ಎಲ್ಲಿ ಮಾವ?"

ಬಸವಲಿಂಗಯ್ಯ ಭಾವನ ಮುಖ ನೋಡಿದ. ಮೇಷ್ಟ್ರೇ ಹೇಳಬೇಕಾಯಿತು. "ಮಣ್ಣಾಯ್ತು ಕಣಮ್ಮ. ಮಧ್ಯಾಹ್ನ."

"ನನ್ನ ತಂತಿ ಬರಲಿಲ್ವಾ?"

"ಬಂತು." ಮೇಷ್ಟ್ರು ಗೋಡೆಯ ನಕ್ಷೆಯ ಕಡೆ ನೋಡಿದರು. "ನೀನು... ಫ್ರಾಂಕ್‌ಫರ್ಟಿಗೆ ರೈಲಲ್ಲಿ ಬರಲಿಲ್ವೇ?"

"ರೈಲ್ಯಾಕಪ್ಪ? ಆರುನೂರು ಕಿಲೋಮೀಟರು. ವಿಮಾನದಲ್ಲಿ ಒಂದೂವರೆ ಗಂಟೇನೂ ಹಿಡಿಯಲ್ಲ. ಕಾಫಿ ಕುಡಿದು ಲೋಟ ಕೊಡೋಷ್ಟರಲ್ಲಿ ಇಳಿಸ್ತಾರೆ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಆಮೇಲೆ ಗೋಡೆಗೊರಗಿ ಕುಸಿದಳು. ಸಿಟ್ಟಾದರೂ ಮಾಡಿದ್ದರೆ ಮೇಷ್ಟ್ರಿಗೆ ತಾಳಿಕೊಳ್ಳಲು ಒಂದು ಆಸರೆ ಸಿಗುತ್ತಿತ್ತು. ಮಂಜುಗಡ್ಡೆ, ಬಿಸಿಲು, ನೆಂಟರ ಅವಸರ ಎಲ್ಲ ನಾಲಗೆ ತುದಿಗೆ ಬಂದವು. ಜಗಲಿಯಾಚೆ ದಾಸಣ್ಣ ಕೈಯ ಮಣ್ಣು ತೊಳೆಯುತ್ತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು, ಆದರೂ ಇತ್ತ ತಿರುಗಲಿಲ್ಲ. ಮೇಷ್ಟ್ರು ಆ ನೆಪಗಳನ್ನೆಲ್ಲ ಬಿಟ್ಟು ಮಗಳ ಪಕ್ಕದಲ್ಲಿ ನೆಲಕ್ಕೆ ಕೂತರು.

ಹೆಂಡತಿಗೆ ಕೊಟ್ಟ ಮಾತನ್ನು ಅವರು ಉಳಿಸಿಕೊಳ್ಳಲಿಲ್ಲ.