ಒಬ್ಬೊಬ್ಬರಿಗೆ ಒಂದೊಂದು ಮಾತು

ಷೇರು ಮೇಷ್ಟ್ರ ಕಾಲ ಬಳಿ ಹೂವಿಡಲು ಟೈಲರಮ್ಮ ಬಗ್ಗಿದಾಗಲೇ ಕೈಚೀಲದೊಳಗಿನ ಫೋನು ಗುಂಯ್ ಅಂದಿತು. ಕಾಲೇಜಿಗೆ ಹೋಗುವ ಮಗನ ಸಂದೇಶ: 'ಮಾರ್ಕೆಟ್ ಬಿದ್ದಿದೆ ಅಮ್ಮ. ಇವತ್ತೇ ಎಲ್ಲ ಮಾರಿಬಿಡು.' ಸ್ವಂತ ಅಂಗಡಿಗೆಂದು ಕೂಡಿಟ್ಟಿದ್ದೆಲ್ಲ ಷೇರಿನಲ್ಲೇ ಇತ್ತು. ಯಾರನ್ನು ಕೇಳುವುದು? ಊರಿನವರ ಉಳಿತಾಯಕ್ಕೆಲ್ಲ ಸಲಹೆ ಹೇಳುತ್ತಿದ್ದ ಮನುಷ್ಯ ಕಣ್ಣು ಮುಚ್ಚಿ ಆರಾಮಾಗಿ ಮಲಗಿಬಿಟ್ಟಿದ್ದರು. ಇಂಥ ಹೊತ್ತಲ್ಲೂ ದುಡ್ಡಿನ ಚಿಂತೆಯೇ? ಥೂ, ನನ್ನ ಬುದ್ಧಿಗೆ ಬೆಂಕಿ ಬೀಳ, ಎಂದು ಅವಳಿಗೆ ನಾಚಿಕೆಯಾಯಿತು.

ನಾಚಿಕೆಪಡಬೇಕಿರಲಿಲ್ಲ. ಅಂಗಳದಲ್ಲಿ ಕುರ್ಚಿ ಎಳೆದುಕೊಂಡು ಕೂತವರೆಲ್ಲ ಮೇಷ್ಟ್ರ ಗಿರಾಕಿಗಳೇ. ಎಲ್ಲರ ಕಣ್ಣೂ ಮೊಬೈಲಿನ ಮೇಲೆ.

"ಹೋದ ಸಲ ಬಿದ್ದಾಗ ಮಾರಿಬಿಡಿ ಅಂದಿದ್ರು ನಂಗೆ," ಎಂದರು ನಿವೃತ್ತ ಬಸ್ ಡ್ರೈವರು.

"ಅಯ್ಯೋ, ಅದೇ ವಾರ ನಂಗೆ ಮಾರಬೇಡಿ ಅಂದ್ರಲ್ಲ!" ಟೈಲರಮ್ಮನ ಬಾಯಿಂದ ಬಂದೇಬಿಟ್ಟಿತು.

"ಹಾಗಾದ್ರೆ ನಮ್ಮಿಬ್ಬರಲ್ಲಿ ಒಬ್ಬರಿಗೆ ಟೋಪಿ ಹಾಕಿದಾರೆ!"

ಸಾವಿನ ಮನೆ ಎಂಬುದನ್ನೂ ಮರೆತು ಯಾರೋ ಕಿಸಕ್ಕನೆ ನಕ್ಕರು.

*

ಮೂರು ವರ್ಷದ ಹಿಂದೆ, ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಅವಳು ಅವರ ಆಫೀಸಿಗೆ ಓಡಿದ್ದಳು. "ಮಾರಿಬಿಡಿ ಸಾರ್, ಎದೆ ಢವಢವ ಅಂತಿದೆ!"

ಮೇಷ್ಟ್ರು ನೀರು ಕೊಟ್ಟರು. "ಅಂಗಡಿ ಯಾವಾಗ ಹಾಕ್ತೀರಮ್ಮ?"

"ಮಗನ ಓದು ಮುಗಿದು, ಅವನು ಕಾಲ ಮೇಲೆ ನಿಲ್ಲಲಿ ಸಾರ್. ಇನ್ನೂ ಏಳೆಂಟು ವರ್ಷ."

"ಅಲ್ಲೀವರೆಗೂ ಬೇಡದ ದುಡ್ಡಿಗೆ ಇವತ್ತೇ ಯಾಕೆ ಅಳು? ಹೋಗಲಿ, ಮೊದಲು ಅತ್ತು ಮುಗಿಸಿ. ಆಮೇಲೂ ಬೇಕು ಅನಿಸಿದ್ರೆ ಮಾರೋಣ."

ಅವಳು ನಿಜವಾಗಿಯೂ ಅತ್ತಳು. ಅವರು ಮುಗಿಯುವವರೆಗೂ ಕಾದರು. ಅತ್ತಾದ ಮೇಲೆ ಅವಳಿಗೇ ನಗು ಬಂತು. ಮಾರಲಿಲ್ಲ.

*

"ಟೋಪಿಯಲ್ಲ ಡ್ರೈವರಣ್ಣ," ಎಂದಳು ಅಪ್ಪನ ಜೊತೆ ಆಫೀಸು ನೋಡಿಕೊಳ್ಳುತ್ತಿದ್ದ ಮೇಷ್ಟ್ರ ಮಗಳು. "ಆಗಿನ್ನೂ ಬಸ್ ಓಡಿಸ್ತಿದ್ರಿ. ರಾತ್ರಿಯೆಲ್ಲ ನಿದ್ದೆ ಇಲ್ಲ ಅಂದ್ರಿ. ನೀವು ನಿದ್ದೆಗೆಟ್ಟು ಬಸ್ ಓಡಿಸಿದ್ರೆ ದುಡ್ಡಲ್ಲ, ಜನ ಹೋಗ್ತಾರೆ ಅಂತ ಅಪ್ಪಾನೇ ಹೆದರಿಬಿಟ್ರು."

ಡ್ರೈವರು ತಲೆ ಕೆರೆದುಕೊಂಡರು. "ಮಾರಿದ ದಿನ ಗೊರಕೆ ಹೊಡೆದು ಮಲಗಿದೆ ಕಣಮ್ಮ," ಎಂದು ಕಣ್ಣೊರೆಸಿಕೊಂಡರು.

ಟೈಲರಮ್ಮ ಮೇಷ್ಟ್ರ ಮಗಳನ್ನು ಅಡುಗೆಮನೆ ಬಾಗಿಲಿಗೆ ಕರೆದಳು. "ಈಗ ನಂಗೆ ಹೇಳೋರು ಯಾರು? ಮಾರಲಾ, ಬೇಡ್ವಾ?"

"ಅಂಗಡಿಗೆ ಇನ್ನೂ ಟೈಮಿದೆ ಅಲ್ವಾ ಅಕ್ಕ?"

"ಇದೆ. ಆದ್ರೂ ಭಯ."

"ನಂಗೂ ಭಯ. ಇನ್ಮೇಲೆ ಎಲ್ಲಾರಿಗೂ ನಾನೊಬ್ಬಳೇ ಹೇಗೆ ಹೇಳೋದು? ಹೆದರಿದವರಿಬ್ಬರು ಸೇರಿ ದುಡ್ಡಿನ ಮಾತಾಡೋದು ಬೇಡ. ನಾಡಿದ್ದು ಬನ್ನಿ."

ಅಪ್ಪನಾಗಿದ್ದರೆ ಧೈರ್ಯ ಹೇಳುತ್ತಿದ್ದರು. ಮಗಳು ತನ್ನ ಹೆದರಿಕೆಯನ್ನೇ ಹೇಳಿಕೊಂಡಳು. ಅದೇನು ವಿಚಿತ್ರವೋ, ಟೈಲರಮ್ಮನ ಎದೆ ಹಗುರಾಯಿತು.

ಹೊರಗೆ ಗಾಡಿ ಬಂತು. ಮಗಳು ತಿರುಗಿದಾಗ ಅವಳ ರವಿಕೆ ತೋಳಿನ ಹೊಲಿಗೆ ಭುಜದ ಬಳಿ ಬಿಟ್ಟುಹೋಗಿದ್ದು ಕಂಡಿತು.

"ನಿಲ್ಲಮ್ಮ. ಅಷ್ಟು ಜನರ ಮುಂದೆ ಹೀಗೇ ಹೋಗ್ತೀಯಾ?" ಟೈಲರಮ್ಮ ಸೆರಗಿನಲ್ಲಿ ಚುಚ್ಚಿಕೊಂಡಿದ್ದ ದಾರದ ಸೂಜಿ ತೆಗೆದಳು. ಮೇಷ್ಟ್ರನ್ನು ಎತ್ತಲು ಬಂದವರು ಬಾಗಿಲಲ್ಲೇ ಕಾದರು. ಅವಳು ಅವಸರವಿಲ್ಲದೆ ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಲ್ಲಿ ಕಡಿದು, ಆ ಭುಜದ ಮೇಲೆ ಅಂಗೈಯಿಟ್ಟು ಹೊಲಿಗೆಯನ್ನು ಮಟ್ಟಸ ಮಾಡಿದಳು.